ಬಿಲ್ಲಿಲ್ಲದ ಬೀಜ, ಗುರುತಿಲ್ಲದ ಎಣ್ಣೆ

ಆದೋನಿ: ಮುಂಗಾರಿನ ಮೊದಲ ಹದ ಮಳೆ ಬಿದ್ದರೆ ಸಾಕು, ಆದೋನಿ, ರಾಯಚೂರು, ಗದ್ವಾಲ ಕಡೆಯ ಎರೆಭೂಮಿಯಲ್ಲಿ ಹತ್ತಿ ಬೀಜದ ಮಾತು ಶುರುವಾಗುತ್ತದೆ. ಅಂಗಡಿಯಲ್ಲಿ ಸಿಗುವ ಬೀಜದ್ದು ಒಂದು ಮಾತು. ಅಂಗಡಿಯಲ್ಲಿ ಸಿಗದ, ಆದರೆ ಕೇಳಿದವರಿಗೆಲ್ಲ ಸಿಗುವ ಬೀಜದ್ದು ಇನ್ನೊಂದು ಮಾತು. ಕೆಲವರು ಇದನ್ನು 'ಬಿಜಿ-3' ಎನ್ನುತ್ತಾರೆ. ತೆಲುಗಿನವರ ಬಾಯಲ್ಲಿ ಇದು 'ಗಡ್ಡಿ ಮಂದು' ಬೀಜ, ಅಂದರೆ ಕಳೆ ಔಷಧಿ ಹೊಡೆದರೂ ಸಾಯದ ಹತ್ತಿ. ಸರ್ಕಾರದ ಕಡತದಲ್ಲಿ ಇದರ ಹೆಸರು ಎಚ್‌ಟಿಬಿಟಿ. ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಮೌಲ್ಯಮಾಪನ ಸಮಿತಿ ಇದರ ಬೇಸಾಯಕ್ಕೆ ಅನುಮತಿ ನೀಡಿಲ್ಲ. ಬೀಜ ತಂದ ಕಂಪನಿಯೇ 2016ರಲ್ಲಿ ತನ್ನ ಅರ್ಜಿಯನ್ನು ಹಿಂದಕ್ಕೆ ಪಡೆದಿತ್ತು. ಆದರೂ ಮಹಾರಾಷ್ಟ್ರದಿಂದ ಆಂಧ್ರದವರೆಗೆ ಹೊಲಗಳಲ್ಲಿ ಈ ಹತ್ತಿ ಇದೆ ಎಂಬುದನ್ನು ಕೇಂದ್ರ ಸರ್ಕಾರವೇ 2017ರ ನಂತರ ತನಿಖೆ ಮಾಡಿಸಿ ಕಂಡುಕೊಂಡಿತು. 2019ರ ಜೂನ್‌ನಲ್ಲಿ ಅಕೋಲಾ ಜಿಲ್ಲೆಯಲ್ಲಿ ಶೇತಕರಿ ಸಂಘಟನೆಯವರು ಇದನ್ನು ಬಹಿರಂಗವಾಗಿಯೇ ಬಿತ್ತಿ, ಬೇಕಾದರೆ ಬಂಧಿಸಿ ಎಂದು ಸವಾಲು ಹಾಕಿದ್ದರು.

ರೈತನನ್ನು ಇಲ್ಲಿ ಬೈಯುವುದು ಸುಲಭ. ಆದರೆ ಕಳೆ ತೆಗೆಸುವ ಹೊತ್ತಿಗೆ ಆಳು ಸಿಗದೆ, ಸಿಕ್ಕರೂ ಕೂಲಿ ಕೊಡಲಾಗದೆ ಒದ್ದಾಡಿದವನಿಗೆ ಒಂದು ಸಲ ಔಷಧಿ ಹೊಡೆದು ಮುಗಿಸುವ ದಾರಿ ಕಂಡರೆ ಆತ ಬಿಡುವುದಿಲ್ಲ. ಹಾಗೆ ಉಳಿದ ದುಡ್ಡು ಕಳೆ ತೆಗೆಯುವ ಹೆಣ್ಣಾಳುಗಳ ಕೈ ತಪ್ಪಿದ ದುಡ್ಡು ಎಂಬುದೂ ನಿಜ. ಹತ್ತಿಯ ನಡುವೆ ಅಕ್ಕಡಿ ಸಾಲಾಗಿ ಹಾಕುವ ತೊಗರಿ ಈ ಔಷಧಿಗೆ ಉಳಿಯುವುದಿಲ್ಲ. ಗಾಳಿ ಬೀಸಿದರೆ ಪಕ್ಕದ ಹೊಲದವನ ಮೆಣಸಿನಕಾಯಿಗೂ ತಗಲುತ್ತದೆ. ಆ ಔಷಧಿ ಗ್ಲೈಫೊಸೇಟ್. ಕೀಟ ನಿಯಂತ್ರಣದ ಪರವಾನಗಿ ಇರುವವರಲ್ಲದೆ ಬೇರೆ ಯಾರೂ ಇದನ್ನು ಬಳಸಬಾರದೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಆದೇಶ ಇದೆ, ಅಂಗಡಿಯಲ್ಲಿ ಡಬ್ಬಿಯೂ ಇದೆ.

ಕುಲಾಂತರಿ ಬೆಳೆಯ ಜಗಳ ಈ ಭಾಗಕ್ಕೆ ಹೊಸದಲ್ಲ. 1998ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿ ಇಟ್ಟಿತ್ತು. 2002ರಲ್ಲಿ ಅದೇ ಹತ್ತಿಗೆ ಸರ್ಕಾರದ ಅನುಮತಿ ಸಿಕ್ಕಿತು. ನಾಲ್ಕು ವರ್ಷದಲ್ಲಿ 450 ಗ್ರಾಂ ಪ್ಯಾಕೆಟ್ಟಿನ ಬೆಲೆ 1,600 ರೂಪಾಯಿ ದಾಟಿದ್ದಾಗ ಆಂಧ್ರ ಸರ್ಕಾರ ಜಗಳಕ್ಕೆ ನಿಂತು 750 ರೂಪಾಯಿಗೆ ಇಳಿಸಿತು. ಅದೊಂದು ಒಳ್ಳೆಯ ಕೆಲಸ, ಒಪ್ಪಬೇಕು. ಮೊದಮೊದಲು ಹಸಿರು ಕಾಯಿಕೊರಕ ಹತೋಟಿಗೆ ಬಂದದ್ದೂ ಸುಳ್ಳಲ್ಲ. ಆದರೆ ಗುಲಾಬಿ ಕಾಯಿಕೊರಕ ಮೊದಲು ಗುಜರಾತಿನಲ್ಲಿ, ಆಮೇಲೆ ರಾಯಚೂರಿನಲ್ಲೂ ಆ ಹತ್ತಿಯನ್ನು ಅರಗಿಸಿಕೊಂಡಿತು. ರೈತ ಮತ್ತೆ ಪಂಪು ಹೆಗಲಿಗೇರಿಸಿದ.

ಇನ್ನು ತಿನ್ನುವ ಮಾತು. ಬಿಟಿ ಬದನೆಗೆ 2009ರ ಅಕ್ಟೋಬರ್‌ನಲ್ಲಿ ಸಮಿತಿ ಒಪ್ಪಿಗೆ ಕೊಟ್ಟಾಗ ದೇಶವೆಲ್ಲ ಗದ್ದಲವಾಯಿತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಹೈದರಾಬಾದ್, ಬೆಂಗಳೂರು ಸೇರಿ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿ 2010ರ ಫೆಬ್ರುವರಿ 9ರಂದು ಅದನ್ನು ತಡೆಹಿಡಿದರು. ಕುಲಾಂತರಿ ಸಾಸಿವೆಯ ಪ್ರಕರಣದಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ರಾಷ್ಟ್ರೀಯ ನೀತಿಯೊಂದು ಬೇಕು ಎಂಬುದರಲ್ಲಿ ಇಬ್ಬರೂ ಒಂದಾದರು.

ಬದನೆ, ಸಾಸಿವೆಗೆ ಇಷ್ಟೆಲ್ಲ ಚರ್ಚೆ ನಡೆದರೂ ಹತ್ತಿ ಮಾತ್ರ ಸದ್ದಿಲ್ಲದೆ ಅಡುಗೆಮನೆ ಸೇರಿದೆ. ಹತ್ತಿ ಬೆಳೆಯೆಂದರೆ ಬರೀ ಅರಳೆಯಲ್ಲ. ಜಿನ್ನಿಂಗ್ ಆದ ಮೇಲೆ ಉಳಿಯುವ ಹತ್ತಿಕಾಳು ಗಾಣಕ್ಕೆ ಹೋಗುತ್ತದೆ, ಎಣ್ಣೆ ಅಂಗಡಿಗೆ ಬರುತ್ತದೆ, ಹಿಂಡಿ ಎಮ್ಮೆಯ ಮುಂದೆ ಬೀಳುತ್ತದೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ಕುಲಾಂತರಿ ಪ್ರೋಟೀನು ಹೆಚ್ಚುಕಡಿಮೆ ಉಳಿಯುವುದಿಲ್ಲ ಎನ್ನುತ್ತಾರೆ ವಿಜ್ಞಾನಿಗಳು. 2006ರಲ್ಲಿ ವರಂಗಲ್ ಜಿಲ್ಲೆಯ ಕುರಿಗಾಹಿಗಳು ಹತ್ತಿ ಹೊಲದಲ್ಲಿ ಮೇಯ್ದ ಕುರಿಗಳು ಸತ್ತವೆಂದು ದೂರಿದಾಗಲೂ, ಬಿಟಿಯೇ ಕಾರಣ ಎನ್ನಲು ಪುರಾವೆ ಇಲ್ಲ ಎಂದು ಕೇಂದ್ರದ ಸಮಿತಿ ಹೇಳಿತು. ಅದನ್ನು ನಂಬಬಹುದು, ಏಕೆಂದರೆ ಅನುಮತಿ ಪಡೆದ ಹತ್ತಿಗೆ ಪರೀಕ್ಷೆಯ ದಾಖಲೆಯಾದರೂ ಇದೆ. ಕಳ್ಳ ಬೀಜದ್ದು ಹಾಗಲ್ಲ. ಚೀಲದಲ್ಲಿ ಯಾವ ಜೀನ್ ಇದೆ, ಯಾವ ತಳಿಗೆ ಬೆರೆಸಿದ್ದಾರೆ ಎಂದು ಮಾರಿದವನೂ ಹೇಳಲಾರ. ಅದರ ಕಾಳೂ ಅದೇ ಗಾಣಕ್ಕೇ ಹೋಗುತ್ತದೆ. ಕುಲಾಂತರಿ ಆಹಾರದ ಪೊಟ್ಟಣದ ಮೇಲೆ 'ಜಿಎಂ' ಎಂದು ಮುದ್ರಿಸಬೇಕೆಂಬ ನಿಯಮ 2013ರ ಜನವರಿಯಿಂದಲೇ ಇದೆ. ಹತ್ತಿಕಾಳಿನ ಎಣ್ಣೆಯ ಡಬ್ಬದ ಮೇಲೆ ಅದನ್ನು ಓದಿದ ಗೃಹಿಣಿ ಸಿಗುವುದು ಕಷ್ಟ.

ಗಡಿಯ ರೈತನಿಗೆ ಇದರ ಜೊತೆ ಮತ್ತೊಂದು ತಾಪತ್ರಯ. ಬೀಜ ಒಂದು ರಾಜ್ಯದ್ದು, ಹೊಲ ಇನ್ನೊಂದರಲ್ಲಿ. ಮೊಳಕೆ ಬಾರದಿದ್ದರೆ ಇಲ್ಲಿನ ಕೃಷಿ ಅಧಿಕಾರಿ ಅಲ್ಲಿಗೆ ಹೋಗು ಅನ್ನುತ್ತಾನೆ, ಅಲ್ಲಿಯವನು ಇಲ್ಲಿಗೆ. ಈ ಅಲೆದಾಟಕ್ಕೆ ಕಾನೂನಿನಲ್ಲಿ ಒಂದು ಮದ್ದು ಇದೆ, ಬಹಳ ಮಂದಿಗೆ ಗೊತ್ತಿಲ್ಲ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಆಂಧ್ರದ ರೈತರ ಪ್ರಕರಣದಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬೀಜ ಎಲ್ಲೇ ಕೊಂಡಿರಲಿ, ರೈತ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಆದೋನಿಯಲ್ಲಿ ಕೊಂಡವನು ರಾಯಚೂರಿನಲ್ಲಿ, ರಾಯಚೂರಿನಲ್ಲಿ ಕೊಂಡವನು ಕರ್ನೂಲಿನಲ್ಲಿ. ಕೊಂಡ ಬೀಜಕ್ಕೆ ಕೊಟ್ಟ ಹಣ ಐದು ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವೂ ಇಲ್ಲ.

ಆದರೆ ಅಲ್ಲಿ ಮೊದಲು ಕೇಳುವುದು ಬಿಲ್ಲು. ಆಮೇಲೆ ಲಾಟ್ ನಂಬರ್ ಇರುವ ಖಾಲಿ ಪ್ಯಾಕೆಟ್ಟು, ಸಾಧ್ಯವಿದ್ದರೆ ಬಿತ್ತದೆ ಉಳಿಸಿದ ಒಂದಿಷ್ಟು ಬೀಜ. ಕತ್ತಲಲ್ಲಿ ಬೈಕಿನ ಮೇಲೆ ಬಂದ ಚೀಲಕ್ಕೆ ಇವು ಮೂರೂ ಇರುವುದಿಲ್ಲ.