ಊರ ಶಾಲೆಯ ಬೀಗದ ಕೈ ಯಾರಲ್ಲಿರಬೇಕು?



ಬೆಂಗಳೂರಿನ ಮಡಿವಾಳದಲ್ಲಿ ನೆಲೆಸಿರುವ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳು ಈಚೆಗೆ ಶಿವಾನುಭವಗೋಷ್ಠಿಗೆ ನಮ್ಮನ್ನು ಬರಮಾಡಿಕೊಂಡಿದ್ದರು. ಪ್ರಸಾದವಾದ ಮೇಲೆ ಒಬ್ಬರು ಬಳಿಗೆ ಬಂದು, "ಬುದ್ಧಿ, ನಾನು ಅಕ್ಷರ ಕಲಿತ ಊರ ಶಾಲೆಗೆ ಬೀಗ ಹಾಕಿದ್ದಾರೆ. ಮಕ್ಕಳು ಸಾಲದಂತೆ" ಎಂದು ನೊಂದುಕೊಂಡರು. ಊರಿನಲ್ಲಿರುವ ನಿಮ್ಮ ತಮ್ಮನ ಮಕ್ಕಳು ಎಲ್ಲಿ ಓದುತ್ತಾರೆಂದು ಕೇಳಿದೆವು. ಅವರು ತಲೆ ತಗ್ಗಿಸಿ, "ಮಠದ ಇಂಗ್ಲಿಷ್ ಶಾಲೆಯ ಬಸ್ಸು ಊರಿಗೇ ಬರುತ್ತದೆ, ಬುದ್ಧಿ" ಎಂದರು. ಆಗ ತಗ್ಗಿದ್ದು ನಮ್ಮ ತಲೆಯೂ ಹೌದು.

ಮಡಿವಾಳವೂ ಒಂದು ಕಾಲಕ್ಕೆ ಹಳ್ಳಿಯೇ. ಸೋಮೇಶ್ವರನ ಗುಡಿಯೂ ಕೆರೆಯೂ ಅದಕ್ಕೆ ಇಂದಿಗೂ ಸಾಕ್ಷಿ. ಆದರೆ ಅಲ್ಲಿಗೆ ಬಂದು ತುಂಬಿದವರು ಬಿಟ್ಟುಬಂದ ಹಳ್ಳಿಗಳಲ್ಲಿ ಶಾಲೆಯ ಗತಿಯೇನೆಂಬುದನ್ನು ಈ ತಿಂಗಳು ವಿಚಾರಿಸಬೇಕಾಗಿದೆ.

ಸಣ್ಣ ಶಾಲೆಗಳನ್ನು ದೊಡ್ಡ ಶಾಲೆಗಳಲ್ಲಿ ಸೇರಿಸುವ ಮಾತು ಹೊಸದಲ್ಲ. 2018ರ ಜುಲೈ ತಿಂಗಳ ಆಯವ್ಯಯದಲ್ಲಿಯೇ 28,847 ಸರಕಾರಿ ಶಾಲೆಗಳನ್ನು ಸಮೀಪದ 8,530 ಶಾಲೆಗಳೊಡನೆ ವಿಲೀನಗೊಳಿಸುವ ಪ್ರಸ್ತಾಪವಿತ್ತು. ಸಾಹಿತಿಗಳು ಪ್ರತಿಭಟಿಸಿದರು. 2025-26ರ ಆಯವ್ಯಯದಲ್ಲಿ 500 ಕರ್ನಾಟಕ ಪಬ್ಲಿಕ್ ಶಾಲೆಗಳ ಘೋಷಣೆಯಾಯಿತು. ಸುತ್ತಲಿನ ಸಣ್ಣ ಶಾಲೆಗಳನ್ನು ಅವು ನುಂಗುವವೆಂಬ ಆತಂಕ ಎದ್ದಾಗ, ಯಾವ ಶಾಲೆಯನ್ನೂ ಮುಚ್ಚುವುದಿಲ್ಲವೆಂದು ಸರಕಾರ ಹೇಳಿತು. ಆದರೆ ಮುಚ್ಚುವುದಕ್ಕೂ ಮಕ್ಕಳಿಲ್ಲವೆಂದು ಬೀಗ ಹಾಕುವುದಕ್ಕೂ ಊರಿನವರ ಪಾಲಿಗೆ ಏನು ಭೇದ?

ಇಲಾಖೆಯ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಹತ್ತು ಮಕ್ಕಳು, ಐದು ತರಗತಿ, ಒಬ್ಬರೇ ಶಿಕ್ಷಕರು. ಆ ಶಿಕ್ಷಕರೇ ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕು, ಸಭೆಗೂ ಹೋಗಬೇಕು. ಇಂಥ ಶಾಲೆಯಲ್ಲಿ ಕಲಿಕೆ ಸೊರಗುವುದು ನಿಜ. ಆದರೆ ಒಬ್ಬರೇ ಏಕೆ ಉಳಿದರು? 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ 60 ಮಕ್ಕಳವರೆಗಿನ ಕಿರಿಯ ಶಾಲೆಗೆ ಇಬ್ಬರು ಶಿಕ್ಷಕರಿರಬೇಕು. ಹುದ್ದೆಯನ್ನು ಖಾಲಿ ಬಿಡುವುದು, ಬೇಸತ್ತ ತಂದೆತಾಯಿಗಳು ಮಕ್ಕಳನ್ನು ಬಿಡಿಸುವವರೆಗೆ ಕಾಯುವುದು, ಅನಂತರ ಮಕ್ಕಳಿಲ್ಲವೆಂದು ವರದಿ ಬರೆಯುವುದು, ಇದೆಂಥ ನ್ಯಾಯ? ಅದೇ ಕಾಯಿದೆಯ ಹೆಸರಿನಲ್ಲಿ 2012ರಿಂದ ಖಾಸಗಿ ಶಾಲೆಗಳಿಗೆ ಮಕ್ಕಳ ಶುಲ್ಕವನ್ನು ಸರಕಾರವೇ ಕಟ್ಟಿ ತನ್ನ ಶಾಲೆಗಳನ್ನು ಬರಿದುಮಾಡಿಕೊಂಡಿತು. ಹತ್ತಿರದಲ್ಲಿ ಸರಕಾರಿ ಶಾಲೆಯಿದ್ದರೆ ಈ ಸೌಲಭ್ಯವಿಲ್ಲವೆಂದು ನಿಯಮ ತಿದ್ದಿದ್ದು 2019ರ ಹೊತ್ತಿಗೆ.

ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸಲಾಗದೆಂಬ ಮಾತನ್ನಂತೂ ಕರ್ನಾಟಕದವರು ಆಡಕೂಡದು. ಋಷಿವ್ಯಾಲಿಯ ಪ್ರಯೋಗದಿಂದ ಸ್ಫೂರ್ತಿ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು 'ನಲಿ-ಕಲಿ'ಯನ್ನು ರೂಪಿಸಿದರು. ಕಾರ್ಡು, ಚಿತ್ರ, ಹಾಡುಗಳ ನೆರವಿನಿಂದ ಪ್ರತಿಯೊಂದು ಮಗುವೂ ತನ್ನ ಗತಿಯಲ್ಲಿ ಮೆಟ್ಟಿಲೇರುವ ಆ ಪದ್ಧತಿ 2009ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಕಾಡಂಚಿನ ತಾಲೂಕಿನ ಸಾಮಾನ್ಯ ಶಿಕ್ಷಕರು ಸಾಧಿಸಿದ್ದನ್ನು ಅಸಾಧ್ಯವೆನ್ನುವವರು ಒಮ್ಮೆ ಅಲ್ಲಿಗೆ ಹೋಗಿಬರಲಿ.

ಮುಖ್ಯ ಪ್ರಶ್ನೆ ಬೇರೆಯೇ ಇದೆ. ಮುಚ್ಚುವ ಅಧಿಕಾರ ಯಾರದು? ಅಮೆರಿಕೆಯ ಹಳ್ಳಿಗಾಡಿನಲ್ಲಿ ಶಾಲೆಗಳನ್ನು ನಡೆಸಲು 'ಶಾಲಾ ಜಿಲ್ಲೆ' ಎಂಬ ಸಣ್ಣ ಘಟಕಗಳಿವೆ. ಸಾಮಾನ್ಯವಾಗಿ ಅದರ ಮಂಡಳಿಯನ್ನು ಜನರೇ ಚುನಾಯಿಸುತ್ತಾರೆ. 1939-40ರಲ್ಲಿ 1,17,000ಕ್ಕೂ ಹೆಚ್ಚು ಇದ್ದ ಈ ಘಟಕಗಳು ಇಂದು ಸುಮಾರು 13,000ಕ್ಕೆ ಇಳಿದಿವೆ. ಅಲ್ಲಿಯೂ ವಿಲೀನ ನಡೆದಿದೆ, ಅಲ್ಲಿಯೂ ಹಳ್ಳಿಗಳು ಅತ್ತಿವೆ. ಆದರೂ ಅನೇಕ ಸಂಸ್ಥಾನಗಳಲ್ಲಿ ಆ ಪ್ರಶ್ನೆ ಊರಿನವರ ಮತಕ್ಕೆ ಬರುತ್ತದೆ. ನಮ್ಮಲ್ಲಿ 1987ರಲ್ಲಿ ಅಬ್ದುಲ್ ನಜೀರ್‌ಸಾಬರ ಶ್ರಮದಿಂದ ಜಿಲ್ಲಾ ಪರಿಷತ್ತುಗಳು ಬಂದಾಗ ಪ್ರಾಥಮಿಕ ಶಾಲೆಗಳು ಜನಪ್ರತಿನಿಧಿಗಳ ಕೈಗೆ ಬಂದವು. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಾದವು. ಸುಣ್ಣ ಬಳಿಸಲು, ಧ್ವಜಾರೋಹಣಕ್ಕೆ ಸಿಹಿ ಹಂಚಲು ಈ ಸಮಿತಿ ಬೇಕು. ಶಾಲೆಯ ಅಳಿವು-ಉಳಿವಿನ ಪ್ರಶ್ನೆ ಬಂದಾಗ ಅದರ ಒಪ್ಪಿಗೆ ಬೇಕೆಂದು ಕಾಯಿದೆಯಲ್ಲಿಲ್ಲ. 2024ರಲ್ಲಿ ಸರಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಸಾರಿತು. ಸಂತೋಷ. ಅನುಭವಮಂಟಪದಲ್ಲಿ ಸೌದೆ ಮಾರುವವನಿಗೂ ಮಾತಿನ ಹಕ್ಕಿತ್ತೆಂಬುದನ್ನೂ ನೆನೆಯಬೇಕಿತ್ತು. ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಯಾವ ಊರಿನ ಶಾಲೆಗೂ ಬೀಗ ಬೀಳಕೂಡದೆಂದು ಕಾಯಿದೆಯಾಗಲಿ. ನಮ್ಮ ಬೇಡಿಕೆ ಇಷ್ಟೇ.

ಇನ್ನು ನಮ್ಮ ಮನೆಯ ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಧಾರವಾಡ, ಬೆಳಗಾವಿ ಸೀಮೆಯಲ್ಲಿ ಊರೂರು ತಿರುಗಿ ಕನ್ನಡ ಶಾಲೆಗಳನ್ನು ಬೆಳೆಸಿದರು. ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟರು. ಮಠಗಳು ಜೋಳಿಗೆ ಹಿಡಿದು ಉಚಿತ ಪ್ರಸಾದನಿಲಯಗಳನ್ನು ನಡೆಸಿದ್ದು ಶಾಲೆಯಿಲ್ಲದ ಊರಿನ ಮಕ್ಕಳಿಗಾಗಿ. ಈಗ ಶಾಲೆಯಿರುವ ಊರಿಗೆ ನಮ್ಮ ಹಳದಿ ಬಸ್ಸು ಹೋಗಿ, ಶುಲ್ಕ ಕೊಡಬಲ್ಲವರ ಮಕ್ಕಳನ್ನು ಹೊತ್ತು ತರುತ್ತದೆ. ಊರಿನಲ್ಲಿ ಉಳಿಯುವುದು ಕೂಲಿಕಾರರ, ದಲಿತರ ಮಕ್ಕಳು. ಅವರಲ್ಲಿಯೂ ಹೆಚ್ಚಾಗಿ ಹೆಣ್ಣುಮಕ್ಕಳು. ಬೀಗ ಬಿದ್ದ ಮೇಲೆ ಹಳ್ಳ ದಾಟಿ ಮುಂದಿನ ಊರಿಗೆ ನಡೆಯಬೇಕಾದವರೂ ಅವರೇ. ಇದನ್ನು ದಾಸೋಹವೆಂದು ಕರೆಯಲು ನಮ್ಮ ನಾಲಿಗೆ ಏಳದು.

ಆದುದರಿಂದ ಬರುವ ಜೂನ್‌ನಿಂದ, ಸರಕಾರಿ ಕಿರಿಯ ಶಾಲೆ ನಡೆಯುತ್ತಿರುವ ಯಾವ ಊರಿನಿಂದಲೂ ಐದನೆಯ ತರಗತಿಯವರೆಗಿನ ಮಕ್ಕಳನ್ನು ನಮ್ಮ ಬಸ್ಸು ಹತ್ತಿಸಿಕೊಳ್ಳಕೂಡದೆಂದು ಆಡಳಿತ ಮಂಡಳಿಗೆ ಅಪ್ಪಣೆ ಕೊಟ್ಟಿದ್ದೇವೆ. ಈಗ ಓದುತ್ತಿರುವ ಮಕ್ಕಳಿಗೆ ಇದು ತಟ್ಟದು. ಮಡಿವಾಳದ ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಮುಂದಿನ ಗ್ರಾಮಸಭೆಗೆ ಹೋಗಿ, ಶಾಲೆಯ ಖಾಲಿ ಹುದ್ದೆಗಳ ಬಗೆಗೆ ಠರಾವು ಮಾಡಿಸಿ, ಅದರ ಪ್ರತಿಯನ್ನು ಮಠಕ್ಕೂ ಕಳಿಸತಕ್ಕದ್ದು. ಬಸ್ಸಿನ ಶುಲ್ಕ ಇಳಿದರೆ ಮಠದ ಲೆಕ್ಕದಲ್ಲಿ ಕೊರತೆ ಬೀಳುವುದೆಂದು ಮಂಡಳಿಯ ಹಿರಿಯರು ಎಚ್ಚರಿಸಿದ್ದಾರೆ. ಕೊರತೆ ಎಷ್ಟೆಂಬುದನ್ನು ಮುಂದಿನ ಸಂಚಿಕೆಯಲ್ಲಿ ಭಕ್ತರ ಮುಂದಿಡುತ್ತೇವೆ.