ಕೊಳಲಿಗೆ ಅಂಕಿತವಿಲ್ಲ

ಮೆಲ್ಬರ್ನ್ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗನು ಕಳೆದ ಬೇಸಗೆಯಲ್ಲಿ ಸೋಮನಾಥಪುರಕ್ಕೆ ಬಂದಿದ್ದಾಗ, ಒಂದು ಸಂಜೆ ಜಗಲಿಯ ಮೇಲೆ ಕುಳಿತು ತನ್ನ ಫೋನಿನಲ್ಲಿ ಆಸ್ಟ್ರೇಲಿಯಾದ ಹಳೆಯ ಪಾಪ್ ಹಾಡೊಂದನ್ನು ಹಾಕಿದನು. ಇಂತಹ ಸಂಗೀತದಲ್ಲಿ ನನಗೆ ಅಭಿರುಚಿ ಕಡಮೆ. ಗಿಟಾರಿನ ಗದ್ದಲವನ್ನು ಸಹಿಸಿಕೊಂಡು ಪಂಚಾಂಗವನ್ನು ತಿರುವುತ್ತಿದ್ದೆನು. ನಡುವೆ ಬಂದ ಕೊಳಲಿನ ದನಿಯೊಂದು ಕಿವಿಯನ್ನು ಹಿಡಿದು ನಿಲ್ಲಿಸಿತು. ಆ ಧಾಟಿ ನನಗೆ ಗೊತ್ತಿತ್ತು! ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಗೈಡ್ ಬಾಲಿಕೆಯರು ಶಿಬಿರಾಗ್ನಿಯ ಸುತ್ತ ಕುಳಿತು, ಒಂದು ಗುಂಪು ಮುಗಿಸುವ ಮುನ್ನವೇ ಮತ್ತೊಂದು ಗುಂಪು ಎತ್ತಿಕೊಳ್ಳುವಂತೆ ಹಾಡುತ್ತಿದ್ದ ಕೂಕಬರ್ರ ಹಕ್ಕಿಯ ಹಾಡು ಅದು. (ಈ ಹಕ್ಕಿ ನಮ್ಮ ಮಿಂಚುಳ್ಳಿಯ ದಾಯಾದಿ, ಅದರ ಕೂಗು ಮನುಷ್ಯರ ಅಟ್ಟಹಾಸದಂತಿರುವುದು.)

ಹುಡುಗನು ನಕ್ಕು, ‘ಮಾವ, ಇದನ್ನು ಅಲ್ಲಿಯವರು ಇಪ್ಪತ್ತೈದು ವರ್ಷಗಳ ಮೇಲೆ ಕಂಡುಹಿಡಿದರು’ ಎಂದು ಕಥೆಯನ್ನು ಹೇಳಿದನು.

ಹಾಡಿನ ಹೆಸರು ‘ಡೌನ್ ಅಂಡರ್’. 1981ರಲ್ಲಿ ‘ಮೆನ್ ಅಟ್ ವರ್ಕ್’ ಎಂಬ ಮೆಲ್ಬರ್ನಿನ ತಂಡವು ಹೊರತಂದುದು. 1983ರಲ್ಲಿ ಅದು ಅಮೆರಿಕೆಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಮೊದಲನೆಯ ಸ್ಥಾನಕ್ಕೇರಿತು. ಹಾಡು ಹುಟ್ಟಿದಾಗ ಕೊಳಲು ಇರಲಿಲ್ಲ. ತಂಡದ ಗ್ರೆಗ್ ಹ್ಯಾಮ್ ಎಂಬಾತನು ಆಮೇಲೆ ಸೇರಿಸಿದನು. ಕೂಕಬರ್ರ ಹಾಡನ್ನು ರಚಿಸಿದಾಕೆ ಮರಿಯನ್ ಸಿಂಕ್ಲೇರ್ ಎಂಬ ಸಂಗೀತದ ಉಪಾಧ್ಯಾಯಿನಿ. 1934ರಲ್ಲಿ ಗೈಡ್ ಸಂಸ್ಥೆಯ ಸ್ಪರ್ಧೆಗಾಗಿ ಕಳುಹಿಸಿದ್ದಳು. ಆಕೆ 1988ರಲ್ಲಿ ತೀರಿಕೊಂಡಳು. ಬದುಕಿರುವಷ್ಟು ಕಾಲ ಆಕೆಯಿಂದ ಯಾವ ದಾವೆಯೂ ಹೊರಡಲಿಲ್ಲ. 1990ರಲ್ಲಿ ಲ್ಯಾರಿಕಿನ್ ಎಂಬ ಪ್ರಕಾಶನ ಸಂಸ್ಥೆಯು ಹಾಡಿನ ಹಕ್ಕನ್ನು ಕೊಂಡುಕೊಂಡಿತು. 2007ರಲ್ಲಿ ದೂರದರ್ಶನದ ಪ್ರಶ್ನೋತ್ತರ ವಿನೋದವೊಂದರಲ್ಲಿ, ಈ ಕೊಳಲಿನ ಮೂಲ ಯಾವುದೆಂದು ಕೇಳಿದರಂತೆ. ಮರುವರ್ಷವೇ ನ್ಯಾಯಾಲಯ! 2010ರಲ್ಲಿ ನ್ಯಾಯಾಧೀಶ ಜೇಕಬ್ಸನ್ನರು, ನಾಲ್ಕೇ ಆವರ್ತಗಳ ಆ ಪುಟ್ಟ ಹಾಡಿನ ಎರಡು ಆವರ್ತಗಳು ಕೊಳಲಿನಲ್ಲಿ ಬಂದಿವೆಯೆಂದು ತೀರ್ಪಿತ್ತರು. ಫಿರ್ಯಾದಿಗಳು ಗೌರವಧನದಲ್ಲಿ ನೂರಕ್ಕೆ ನಲವತ್ತರಿಂದ ಅರವತ್ತರಷ್ಟನ್ನು ಬೇಡಿದ್ದರು. ದೊರೆತುದು 2002ರಿಂದ ಈಚೆಗೆ ನೂರಕ್ಕೆ ಐದು. ಮೇಲ್ಮನವಿಯೂ 2011ರಲ್ಲಿ ಬಿದ್ದುಹೋಯಿತು. ತನ್ನನ್ನು ಲೋಕವು ನಕಲು ಮಾಡಿದವನೆಂದು ನೆನೆಯುವುದಲ್ಲಾ ಎಂದು ಕೊರಗಿದ ಹ್ಯಾಮ್, 2012ರಲ್ಲಿ ತೀರಿಕೊಂಡನು.

ನಮ್ಮ ಆಲಂಕಾರಿಕರು ಈ ವ್ಯಾಜ್ಯವನ್ನು ಸಾವಿರ ವರ್ಷಗಳ ಹಿಂದೆಯೇ ವಿಚಾರಿಸಿದ್ದಾರೆ. ಕಾವ್ಯಗಳೊಳಗಣ ಹೋಲಿಕೆಯು ಮೂರು ಬಗೆಯೆಂದು ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ವಿಭಾಗಿಸುತ್ತಾನೆ: ಕನ್ನಡಿಯ ಬಿಂಬದಂತೆ, ಬರೆದ ಚಿತ್ರದಂತೆ, ಇಬ್ಬರು ಮನುಷ್ಯರ ಮುಖಸಾಮ್ಯದಂತೆ. ಮೊದಲೆರಡು ತ್ಯಾಜ್ಯ, ಮೂರನೆಯದರಲ್ಲಿ ಪ್ರತ್ಯೇಕವಾದ ಜೀವವಿರುವುದರಿಂದ ದೋಷವಿಲ್ಲ. ಹುಡುಗನಿಂದ ಎರಡನ್ನೂ ಮೂರು ಸಲ ಹಾಕಿಸಿ ಕೇಳಿದೆನು. ಸ್ವರಗಳು ಅವೇ ಹೌದು. ನಡೆ ಬೇರೆ, ಹಿಮ್ಮೇಳ ಬೇರೆ, ಭಾವವೂ ಬೇರೆ. ನಾನಾಗಿದ್ದರೆ ಮುಖಸಾಮ್ಯವೆಂದೇ ಹೇಳುತ್ತಿದ್ದೆನು. ಆದರೆ ಹಾಡಿನ ಚಿತ್ರದಲ್ಲಿ ಹ್ಯಾಮ್ ಮರವೇರಿ ಕುಳಿತು ಕೊಳಲೂದುತ್ತಾನೆ! ಕೂಕಬರ್ರ ಹಾಡಿನಲ್ಲಿಯೂ ಹಕ್ಕಿ ಕುಳಿತಿರುವುದು ಮರದ ಮೇಲೆಯೇ. ಇದನ್ನು ಕಂಡಮೇಲೆ ನನ್ನ ವಾದವು ಸ್ವಲ್ಪ ಸಡಿಲವಾಯಿತೆಂದು ಒಪ್ಪಬೇಕು.

ಹಣದ ಮಾತಿಗಿಂತ ನನ್ನನ್ನು ಕಾಡಿದುದು ಹೆಸರಿನ ಮಾತು. ಪುರಂದರದಾಸರ ಪದವನ್ನು ಯಾರು ಎಲ್ಲಿ ಹಾಡಿದರೂ ಕೊನೆಯಲ್ಲಿ ಅಂಕಿತವು ತಾನಾಗಿ ಬರುವುದು, ವಚನಗಳಲ್ಲಿಯೂ ಹಾಗೆಯೇ. ಅಂಕಿತವು ಇರುವುದು ಸಾಹಿತ್ಯದಲ್ಲಿ. ಸಾಹಿತ್ಯವನ್ನು ಕಳಚಿ ಧಾಟಿಯನ್ನು ಮಾತ್ರ ಕೊಳಲಿಗೆ ಕೊಟ್ಟರೆ ಕರ್ತೃವಿನ ಹೆಸರು ನಿಲ್ಲಲು ಎಡೆಯೆಲ್ಲಿ? ಹ್ಯಾಮನನ್ನು ದೂರುವ ಅಧಿಕಾರ ನನಗಿಲ್ಲ. ಆ ಹಾಡನ್ನು ವರ್ಷವರ್ಷವೂ ಹಾಡಿಸಿದವನು ನಾನು. ಯಾರದೆಂದು ಹುಡುಗಿಯರು ಕೇಳಲಿಲ್ಲ, ನಾನೂ ಹುಡುಕಲಿಲ್ಲ. ಒಬ್ಬ ಉಪಾಧ್ಯಾಯನು ಮತ್ತೊಬ್ಬ ಉಪಾಧ್ಯಾಯಿನಿಗೆ ಸಲ್ಲಿಸಬೇಕಾಗಿದ್ದುದು ಅಷ್ಟೇ ಆಗಿತ್ತು. ನ್ಯಾಯಾಲಯವು ಕೊಡಿಸಿದ ಹಣವಾದರೋ ಆಕೆಯ ಕೈಗೆ ಒಂದು ಕಾಸೂ ಸೇರಲಿಲ್ಲ.

ಮರುದಿನ ಬೆಳಗ್ಗೆ ಹುಡುಗನನ್ನು ಕೇಶವ ದೇವಾಲಯಕ್ಕೆ ಕರೆದೊಯ್ದೆನು. ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಕಟ್ಟಿಸಿದ ಗುಡಿ. 2023ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ದಕ್ಷಿಣದ ಗರ್ಭಗೃಹದಲ್ಲಿ ವೇಣುಗೋಪಾಲನು ಕೊಳಲೂದುತ್ತ ನಿಂತಿದ್ದಾನೆ. ಹುಡುಗನು ಅಲ್ಲಿ ಬಹಳ ಹೊತ್ತು ನಿಂತನು. ಬಳಿಕ ಹೊರಗೋಡೆಯನ್ನು ಸುತ್ತುತ್ತ, ವಿಗ್ರಹಗಳ ಪೀಠದಲ್ಲಿ ರೂವಾರಿಗಳು ಕೊರೆದ ಹಳೆಯ ಅಕ್ಷರಗಳನ್ನು ಅವನಿಗೆ ತೋರಿಸಿದೆನು. ಅವುಗಳಲ್ಲಿ ಹೆಚ್ಚಾಗಿ ಸಿಕ್ಕುವ ಹೆಸರು ಮಲ್ಲಿತಮ್ಮನದು. ಹುಡುಗನಿಗೆ ಆ ಲಿಪಿ ಬಾರದು. ಆದರೂ ಎರಡು ಮೂರು ಪೀಠಗಳನ್ನು ದಾಟುವಷ್ಟರಲ್ಲಿ ಆ ಅಕ್ಷರಗಳ ಆಕಾರವನ್ನು ಗುರುತು ಹಿಡಿದು, ನನಗಿಂತ ಮುಂದೆ ಮುಂದೆ ಓಡಿ, ‘ಇಲ್ಲಿಯೂ ಇದ್ದಾನೆ ಮಾವ!’ ಎಂದು ಕೂಗತೊಡಗಿದನು.