ಜಮೀನು ‘ಬಿಟ್ಟಿದ್ದಾರೆ’ ಅಂದರೆ ಯಾವ ಬಿಟ್ಟಿದ್ದು?

‘ನಿಮ್ಮ ಸರ್ವೆ ನಂಬರ್ ಬಿಟ್ಟಿದ್ದಾರಂತೆ’ ಎಂದು ಯಾರಾದರೂ ಬಂದು ಹೇಳಿದರೆ, ಸಿಹಿ ಹಂಚುವ ಮುಂಚೆ ಒಂದು ಮಾತು ಕೇಳಿ: ಬಿಟ್ಟಿದ್ದು ಯಾವ ಇಂಗ್ಲಿಷ್ ಪದದಲ್ಲಿ? ಡಿಲೀಶನ್ನೋ, ಡಿನೋಟಿಫೈಯೋ, ರೀಡೂನೋ? ಕೇಳಲಿಕ್ಕೆ ಮೂರೂ ಒಂದೇ, ಆದರೆ ಕೋರ್ಟಿನಲ್ಲಿ ಒಂದಲ್ಲ.

ಅರ್ಕಾವತಿ ಬಡಾವಣೆಯನ್ನೇ ತಗೊಳ್ಳಿ. ಥಣಿಸಂದ್ರ, ಜಕ್ಕೂರು, ರಾಚೇನಹಳ್ಳಿ, ಸಂಪಿಗೆಹಳ್ಳಿ ಸೇರಿ 16 ಹಳ್ಳಿಗಳ ಜಮೀನು. 2003ರ ಫೆಬ್ರವರಿಯಲ್ಲಿ ಬಿಡಿಎ ಪ್ರಾಥಮಿಕ ಅಧಿಸೂಚನೆ ಹೊರಡಿಸಿದಾಗ 3,339 ಎಕರೆ 12 ಗುಂಟೆ. ಮರುವರ್ಷ ಅಂತಿಮ ಅಧಿಸೂಚನೆಯಲ್ಲಿ 2,750 ಎಕರೆ. ನಡುವೆ ಪಟ್ಟಿಯಿಂದ ಉದುರಿದ್ದು ಡಿಲೀಶನ್.

ಅಂತಿಮ ಆದಮೇಲೆ ಬಿಟ್ಟರೆ ಊರೆಲ್ಲ ಅದನ್ನು ‘ಡಿನೋಟಿಫೈ’ ಎನ್ನುತ್ತದೆ. ತಮಾಷೆಯೆಂದರೆ, ಅದಕ್ಕೆ ಆಧಾರವಾಗಿದ್ದ 1894ರ ಕಾಯ್ದೆಯ 48ನೇ ಸೆಕ್ಷನ್‌ನಲ್ಲಿ ಆ ಪದವೇ ಇಲ್ಲ. ಅಲ್ಲಿರುವುದು ‘ವಿತ್‌ಡ್ರಾ’, ಅಂದರೆ ಹಿಂದಕ್ಕೆ ಸರಿಯುವುದು. ಅದೂ ಪೊಸೆಷನ್ ತಗೊಳ್ಳದ ಜಮೀನಿಗೆ ಮಾತ್ರ.

ರೈತ ಎಡವುವುದು ಇಲ್ಲೇ. ಅಕ್ವಿಸಿಷನ್ನಿಗೂ ಕನ್ನಡದಲ್ಲಿ ‘ಸ್ವಾಧೀನ’, ಪೊಸೆಷನ್ನಿಗೂ ‘ಸ್ವಾಧೀನ’. ಮೊದಲನೆಯದು ಸರ್ಕಾರ ಜಮೀನನ್ನು ತನ್ನದಾಗಿಸಿಕೊಳ್ಳುವ ಇಡೀ ಪ್ರಕ್ರಿಯೆ. ಎರಡನೆಯದು ಮಹಜರು ಬರೆದು ಜಮೀನನ್ನು ವಶಕ್ಕೆ ಪಡೆಯುವುದು. ಹೊಲದಲ್ಲಿ ರಾಗಿ ನಿಂತಿರುತ್ತದೆ, ಉಳುವವನೂ ಅಲ್ಲೇ ಇರುತ್ತಾನೆ, ಕಾಗದದಲ್ಲಿ ಮಾತ್ರ ಪೊಸೆಷನ್ ಹೋಗಿರುತ್ತದೆ. ಆಮೇಲೆ ‘ಬಿಟ್ಟಿದ್ದೇವೆ’ ಎಂಬ ಕಾಗದ ಹಿಡಿದುಕೊಂಡು ಓಡಾಡಿದರೆ ಅದು ನಿಲ್ಲುವುದು ಕಷ್ಟ. ನೋಟಿಸಿನಲ್ಲಿ ಎರಡಕ್ಕೂ ಒಂದೇ ಪದ ಬಳಸುವುದು ನಮಗೆ ಸರಿ ಕಾಣುವುದಿಲ್ಲ. ‘ವಶ’ ಎಂಬ ಚೆಂದದ ಪದ ಇದೆಯಲ್ಲ!

ಇನ್ನು ರೀಡೂ. ನರ್ಸರಿ, ಕಾರ್ಖಾನೆ, ಪೂರ್ತಿ ಕಟ್ಟಡ ಎದ್ದ ಜಾಗ, ಬಿಟ್ಟ ಜಮೀನಿನಂಥದ್ದೇ ಪಕ್ಕದ ಜಮೀನು ಇಂಥವುಗಳ ಮಾಲೀಕರು ಬಿಡುವಂತೆ ಕೇಳಬಹುದು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2014ರಲ್ಲಿ ಸರ್ಕಾರ ಬದಲಾದ ನಕ್ಷೆಗೆ ಒಪ್ಪಿದಾಗ ವಿರೋಧ ಪಕ್ಷದವರು ‘ಇದು ಡಿನೋಟಿಫಿಕೇಶನ್’ ಎಂದರು. ಸರ್ಕಾರ ‘ಅಲ್ಲ, ಕೋರ್ಟ್ ಹೇಳಿದಂತೆ ಮಾಡಿದ ರೀಡೂ’ ಎಂದಿತು. ಜಗಳ ನ್ಯಾಯಮೂರ್ತಿ ಕೆಂಪಣ್ಣ ಆಯೋಗದವರೆಗೆ ಹೋಯಿತು. ನಿವೇಶನಕ್ಕೆ ದುಡ್ಡು ಕಟ್ಟಿದವರೂ ಜಮೀನು ಕೊಟ್ಟವರೂ ವರ್ಷಗಟ್ಟಲೆ ಟಿವಿ ನೋಡುತ್ತ ಕೂತರು.

ಬಿಡಿಎ ಕಾಗದದಲ್ಲಿ ಬರೀ ‘ಕೈಬಿಡಲಾಗಿದೆ’ ಎಂದಿದ್ದರೆ ಸುಮ್ಮನೆ ಬರಬೇಡಿ. ಯಾವ ಸೆಕ್ಷನ್ ಪ್ರಕಾರ, ಅಂತಿಮ ಅಧಿಸೂಚನೆಗೆ ಮುಂಚೆಯೋ ಆಮೇಲೆಯೋ, ವಶದ ಮಹಜರು ಆಗಿದ್ದರೆ ಯಾವ ತಾರೀಖು ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಬರಹದಲ್ಲೇ ಉತ್ತರ ಪಡೆಯಿರಿ.